ಚಪಾತಿ ಲಟ್ಟಿಸಿದ ಕೈಗೂ ಹಕ್ಕುಂಟು

ಮೀಂಜದ ಕೃಷ್ಣಕುಮಾರಣ್ಣ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿ, ದೇವರ ದಯೆಯಿಂದ ಗಟ್ಟಿಮುಟ್ಟಾಗಿ ಊರಿಗೆ ಬಂದವರು. ಊರವರಿಗೆಲ್ಲ ಅವರು ಮಿಲಿಟ್ರಿ ಅಣ್ಣ. ಆದರೆ ಹೆಂಡತಿ ವಸುಮತಿಗೆ ಹೃದಯದ ಕಾಯಿಲೆ ಬಂದ ಮೇಲೆ, ವರ್ಷವರ್ಷವೂ ಏರುವ ಮದ್ದಿನ ಕ್ರಯಕ್ಕೆ ಪೆನ್ಶನ್ ಸಾಲದಾಯಿತು.

ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆ ಶಮೀನಾ ಬಂದಾಗ, ವಸುಮತಿ ಅಡಕತ್ತರಿಯಲ್ಲಿ ಮಾತ್ರೆ ತುಂಡು ಮಾಡುತ್ತಿದ್ದರು.

"ಇದೆಂತ ಅಕ್ಕಾ?"

"ಅರ್ಧ ಇವತ್ತಿಗೆ, ಅರ್ಧ ನಾಳೆಗೆ."

"ಮಾತ್ರೆ ಎಂತ ಅಡಕೆಯಾ, ಹಂಚಿ ತಿನ್ನಲಿಕ್ಕೆ? ಅಣ್ಣಾ, ಮಾಜಿ ಸೈನಿಕರ ಆರೋಗ್ಯ ಕಾರ್ಡು ನಿಮ್ಮಲ್ಲಿಲ್ವಾ?"

"ಇಬ್ಬರದ್ದೂ ಉಂಟು. ಟ್ರಂಕಿನಲ್ಲಿ, ಯೂನಿಫಾರ್ಮಿನ ಅಡಿಯಲ್ಲಿ. ಅದು ಗುಂಡು ತಿಂದವರಿಗೆ ಮಗಳೇ. ನಾನು ಬರೀ ಚಪಾತಿ ಲಟ್ಟಿಸಿದವ. ಅವರ ಪಾಲು ಮುಟ್ಟಲಿಕ್ಕಿಲ್ಲ."

"ನಿವೃತ್ತಿಯಾಗುವಾಗ ಅದಕ್ಕೆ ನಿಮ್ಮ ಹಣ ಹಿಡಿದಿದ್ದಾರಲ್ಲ?"

"ಹಿಡಿದಿದ್ದಾರೆ."

"ಮತ್ತೆ ಅದು ಬೇರೆಯವರ ಪಾಲು ಹೇಗಾಯ್ತು? ಕಾರ್ಡು ಹಿಡಿದು ಮಾಜಿ ಸೈನಿಕರ ಪಾಲಿಕ್ಲಿನಿಕ್‌ಗೆ ಹೋಗಿ, ಅಲ್ಲೇ ಮದ್ದು ಕೊಡ್ತಾರೆ. ದೊಡ್ಡ ಚಿಕಿತ್ಸೆ ಬೇಕಾದರೆ ಚೀಟಿ ಬರೆದು, ಯೋಜನೆಗೆ ಸೇರಿದ ಆಸ್ಪತ್ರೆಗೆ ಕಳಿಸ್ತಾರೆ."

ಅಣ್ಣ ಅಡ್ಡಡ್ಡ ತಲೆಯಾಡಿಸಿದರು. ಅವರ ಮನಸ್ಸು ಒಪ್ಪಲಿಲ್ಲ.

ಆಗ ವಸುಮತಿ ಅಡಕತ್ತರಿ ಕೆಳಗಿಟ್ಟರು.

"ಹಿಮದಲ್ಲಿ ಮೂರು ಗಂಟೆಗೆ ಎದ್ದು ಸ್ಟೌ ಹಚ್ಚುತ್ತೇನೆ, ಬೆರಳು ಸೆಟೆದುಹೋಗ್ತದೆ ಅಂತ ಕಾಗದ ಬರೆದವರು ಯಾರು? ಆ ಹುಡುಗರು ಯಾರ ಚಪಾತಿ ತಿಂದು ಬಂದೂಕು ಹಿಡಿದದ್ದು? ಆ ಕಾಗದ ನಾನು ದೇವರ ಕೋಣೆಯಲ್ಲಿ ಇಟ್ಟಿದ್ದೇನೆ. ನಿಮಗೆ ನಾಚಿಕೆಯಾದರೆ ಇರಲಿ, ನನಗೆ ಹೆಮ್ಮೆ!"

ಕೃಷ್ಣಕುಮಾರಣ್ಣ ತಮ್ಮ ಬೆರಳುಗಳನ್ನೊಮ್ಮೆ ನೋಡಿಕೊಂಡರು. ಎದ್ದು ಟ್ರಂಕು ತೆರೆದು ಕಾರ್ಡು ಹೊರಗೆ ತೆಗೆದರು.

ಪಾಲಿಕ್ಲಿನಿಕ್ಕಿನ ಸಾಲಿನಲ್ಲಿ ಕುರ್ಚಿಯಲ್ಲಿ ಕುಳಿತಿದ್ದ ಒಬ್ಬ ಮುದಿ ಸುಬೇದಾರರು ಕೇಳಿದರು, "ಸೈನ್ಯದಲ್ಲಿ ನಿಮ್ಮದೆಂತ ಕೆಲಸ?"

ಅಣ್ಣನ ಬೆನ್ನು ತಾನಾಗಿ ನೆಟ್ಟಗಾಯಿತು. "ಅಡುಗೆ, ಸಾಬ್. ನೂರಿಪ್ಪತ್ತು ಜನಕ್ಕೆ."

"ಹಾಗಾದರೆ ನಿಮ್ಮಂಥವರ ಅನ್ನ ತಿಂದೇ ನಾನು ಇಷ್ಟು ಮುದುಕನಾದದ್ದು ಮಾರಾಯ್ರೇ!" ಎನ್ನುತ್ತಾ ಸುಬೇದಾರರು ಎದ್ದು, ವಸುಮತಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಈಗ ವಸುಮತಿ ದಿನಕ್ಕೊಂದು ಇಡೀ ಮಾತ್ರೆ ನುಂಗುತ್ತಾರೆ. ಅಡಕತ್ತರಿ ಎಲೆತಟ್ಟೆಗೆ ಮರಳಿದೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯವರು ಸೈನ್ಯದಲ್ಲಿ ಅಡುಗೆ ಮಾಡಿರಲಿ, ಲಾರಿ ಓಡಿಸಿರಲಿ, ಬಟ್ಟೆ ಹೊಲಿದಿರಲಿ, ಅದೂ ದೇಶಸೇವೆಯೇ. ಕಾರ್ಡು ಟ್ರಂಕಿನಲ್ಲಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಇಲ್ಲದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಡಾಕ್ಟರು ಹೇಳಿದ ಮಾತ್ರೆಯನ್ನು ಮಾತ್ರ ಅರ್ಧ ಮಾಡಬೇಡಿ.