ಮೀಸೆ ಬಂದ ಹರಳು

ಅಕ್ಕನಿಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಲ್ಲು ಅರೆಯುವ ಯಂತ್ರದ ಮುಂದೆ ಕೂರುವುದು, ಏಳುವುದು, ಕಿಟಕಿಗೆ ಹೋಗುವುದು, ಮತ್ತೆ ಬಂದು ಕೂರುವುದು. ಖನಿಜ ಪರೀಕ್ಷಾಲಯದಲ್ಲಿ ಕಲ್ಲಿನ ಚೂರುಗಳನ್ನು ಪರೀಕ್ಷೆಗೆ ಅಣಿಗೊಳಿಸುವುದು ಅವಳ ಕೆಲಸ. ಅವಳ ಕೈ ತಪ್ಪಿದ್ದನ್ನು ಕಂಡವರಿಲ್ಲ. ಕಂಡಿದ್ದೇವೆ ಎನ್ನುವ ಧೈರ್ಯವಂತೂ ಯಾರಿಗೂ ಇರಲಿಲ್ಲ.

ಸಂಕಟಕ್ಕೆ ಕಾರಣ ತಮ್ಮ. ಉಪ್ಪಿನ ಗಣಿಯಲ್ಲಿ ಸರ್ವೆ ಮಾಡುವ ಅವನಿಗೆ ಹಳೆಯ ಸುರಂಗವೊಂದರ ಗೋಡೆಯಲ್ಲಿ ಹೆಬ್ಬೆರಳುದ್ದದ ಕಪ್ಪು ಹರಳು ಸಿಕ್ಕಿತ್ತು. ಮೈಯುದ್ದಕ್ಕೂ ಗೀರು, ಅಡ್ಡ ಮುರಿದರೆ ಹೊಟ್ಟೆಯುಬ್ಬಿದ ತ್ರಿಕೋನ. ಇದು ಟೂರ್ಮಲಿನ್ ಎಂಬ ಖನಿಜವೆನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ತಮ್ಮ, ಇದು ಎಲ್ಲೆಂದರಲ್ಲಿ ಸಿಗುವ ಕಪ್ಪು ಟೂರ್ಮಲಿನ್ ಅಲ್ಲವೆಂದು ಹಟ ಹಿಡಿದಿದ್ದ. ಯಾವುದೋ ಕಾಲದಲ್ಲಿ ಬತ್ತಿದ ಸಮುದ್ರ ಬಿಟ್ಟುಹೋದ ಉಪ್ಪು, ಅದರೊಳಗಿನ ಬೋರಾನ್, ನೆಲದಡಿಯ ಕಾವು, ಒತ್ತಡ ಎಲ್ಲ ಕೂಡಿಬಂದರೆ ಹುಟ್ಟುವ ಅಪರೂಪದ ಜಾತಿಯಂತೆ. ಅಲ್ಯೂಮಿನಿಯಂ ಇರಬೇಕಾದ ಜಾಗದಲ್ಲೆಲ್ಲ ಕಬ್ಬಿಣ ಬಂದು ಠಿಕಾಣಿ ಹೂಡಿರುತ್ತದಂತೆ.

ಅಕ್ಕ ಎಳ್ಳುಕಾಳಿನಷ್ಟು ಚೂರು ತೆಗೆದು, ತೊಳೆದು, ಬಿಸಿ ತಟ್ಟೆಯ ಮೇಲೆ ಒಣಗಿಸಿ, ಆರಿದ ಮೇಲೆ ಪುಡಿ ಮಾಡಿ ಪರೀಕ್ಷೆಗೆ ಕೊಟ್ಟಳು. ಅಲ್ಯೂಮಿನಿಯಂ ಬೇಕಾದಷ್ಟಿದೆ, ಮಾಮೂಲಿ ಕಲ್ಲು ಎಂದು ಫಲಿತಾಂಶ ಬಂತು. ಹಳೆಯ ಸುರಂಗಕ್ಕೆ ಮಣ್ಣು ತುಂಬಿ ಮುಚ್ಚಬೇಕೆಂದಿದ್ದ ಗಣಿಯವರನ್ನು ಅಲ್ಲಿಯವರೆಗೆ ತಡೆದಿದ್ದ ತಮ್ಮ, ಇನ್ನು ತನ್ನ ತಕರಾರಿಲ್ಲವೆಂದು ಅವರಿಗೆ ಹೇಳಿಬಿಟ್ಟ. ಇವತ್ತೇ ಮುಚ್ಚುತ್ತಿದ್ದರು.

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ಈ ಸಲ ತುಟಿ ಪಿಟಕ್ಕೆನ್ನಲಿಲ್ಲ. ಅವಳಿಗೆ ಕಸಿವಿಸಿಯಾದದ್ದೇ ಅದಕ್ಕೆ. ಜಗಳವಾಡಿದ್ದರೆ ನೆಮ್ಮದಿಯಾಗಿರುತ್ತಿತ್ತು.

ಸುಮ್ಮನಿರಲಾರದೆ, ಅವನಿಗೆ ಹಿಂದಿರುಗಿಸಲೆಂದು ಉಳಿದ ಹರಳನ್ನು ತೊಳೆದಳು. ಬಿಸಿ ತಟ್ಟೆಯ ಮೇಲಿಟ್ಟಳು. ಒಣಗಿದ ಮೇಲೆ ಎಂದಿನಂತೆ ಪಕ್ಕದ ಟ್ರೇಯಲ್ಲಿ ಆರಲು ಬಿಟ್ಟಳು. ಕಿಟಕಿಗೆ ಇನ್ನೊಂದು ಸುತ್ತು ಹೋಗಿ ಬರುವಷ್ಟರಲ್ಲಿ ಹರಳಿನ ತುದಿಗೆ ಮೀಸೆ ಬಂದಿತ್ತು. ಟ್ರೇಯ ಮೂಲೆಯಲ್ಲಿದ್ದ ಕಲ್ಲಿನ ಪುಡಿ ಬಂದು ಅಂಟಿಕೊಂಡಿತ್ತು.

ಬಿಸಿಯಾದ ಟೂರ್ಮಲಿನ್ ಆರುವಾಗ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ, ಧೂಳನ್ನು ಎಳೆಯುತ್ತದೆ. ಬೂದಿ ಉದುರಿಸಿ ಮನೆಯ ಮಕ್ಕಳಿಗೆ ಆ ಆಟ ತೋರಿಸಿದವಳು ಅವಳೇ. ಅವತ್ತು ಚೂರು ಆರಿದ್ದೂ ಇದೇ ಟ್ರೇಯಲ್ಲಿ. ಅದಕ್ಕೆ ಮುಂಚೆ ಅರೆದದ್ದು ಅಲ್ಯೂಮಿನಿಯಂ ತುಂಬಿದ ಮಾಮೂಲಿ ಕಪ್ಪು ಟೂರ್ಮಲಿನ್; ಅದರ ಪುಡಿ ಟ್ರೇಯಲ್ಲಿ ಉಳಿದಿತ್ತು. ಅಷ್ಟು ಸಣ್ಣ ಚೂರಿನ ಮೈತುಂಬ ಬೇರೆ ಕಲ್ಲಿನ ಪುಡಿ ಮೆತ್ತಿಕೊಂಡಿತ್ತು. ಪರೀಕ್ಷೆಯಾದದ್ದು ಆ ಪುಡಿಯದು.

ತಮ್ಮನಿಗೆ ಫೋನ್ ಮಾಡಿದಳು.

"ಲೋ, ನಿಲ್ಸೋ! ಮಣ್ಣು ಹಾಕೋದು ನಿಲ್ಸೋ!"

"ಯಾಕಕ್ಕಾ?"

"ತಪ್ಪು ಮಾಡ್ಬಿಟ್ಟೆ ಕಣೋ. ನಿನ್ನ ಚೂರಿಗೆ ಬೇರೆ ಕಲ್ಲಿನ ಪುಡಿ ಅಂಟ್ಕೊಂಡಿತ್ತು. ನಾನು ನೋಡ್ಲಿಲ್ಲ."

ಆ ಕಡೆ ಮಣ್ಣು ಸುರಿಯುವ ಲಾರಿಯ ಸದ್ದು ಕೇಳುತ್ತಿತ್ತು. ಬೈಯಲಿ ಎಂದು ಕಾದಳು.

"ಅದು ಮಾಮೂಲಿ ಕಲ್ಲಲ್ಲ ಅಂತ ನಂಗೆ ಗೊತ್ತಿತ್ತು ಅಕ್ಕ," ಎಂದ ತಮ್ಮ. "ಆದ್ರೆ ನಿನ್ನ ಕೈ ತಪ್ಪಲ್ಲ ಅಂತ ನನ್ನ ಕಣ್ಣನ್ನೇ ಸುಳ್ಳು ಮಾಡ್ಕೊಂಡೆ."

ಅವಳಿಗೆ ಇಷ್ಟು ವರ್ಷ ತನ್ನ ಕೈಯನ್ನು ಹೊಗಳಿದವರ ಮೇಲೆಲ್ಲ ಸಿಟ್ಟು ಬಂತು.

"ಆ ಗೋಡೆ ಇನ್ನೂ ಕಾಣ್ತಿದೆಯೇನೋ?"

"ಅರ್ಧ. ಈಗ ಇವ್ರಿಗೆ ಏನಂತ ಹೇಳ್ಲಿ?"

"ಏನೂ ಹೇಳ್ಬೇಡ, ಲಾರಿಗೆ ಅಡ್ಡ ನಿಂತ್ಕೋ. ಬರ್ತಿದೀನಿ. ತಪ್ಪು ನಂದು ಅಂತ ಎಲ್ಲರೆದುರಿಗೆ ನಾನೇ ಹೇಳ್ತೀನಿ."

"ನೀನಾ?" ಲಾರಿಯ ಗದ್ದಲದ ನಡುವೆಯೂ ಅವನಿಗೆ ನಗು ಬಂದದ್ದು ಕೇಳಿಸಿತು. ಆಮೇಲೆ ಅವನು ಯಾರನ್ನೋ ಕೂಗಿದ. ಲಾರಿಯ ಸದ್ದು ನಿಂತಿತು.

ಜೀವಮಾನದಲ್ಲಿ ಮೊದಲ ಸಲ ಅವಳು ಮೇಜು ಒರೆಸದೆ ಎದ್ದಳು. ಹರಳಿನ ಮೀಸೆಯನ್ನೂ ಒರೆಸಲಿಲ್ಲ. ಅದನ್ನು ಹಾಗೆಯೇ ಡಬ್ಬಿಗೆ ಹಾಕಿಕೊಂಡು ಓಡಿದಳು.