ಹುಳ ಬದುಕದ ನವಣೆ

ರಾಗಿ ಡಬ್ಬದಲ್ಲಿ ಹುಳ ಹರಿದಾಡುತ್ತಿದ್ದವು. ಪಕ್ಕದ ನವಣೆ ಅಕ್ಕಿಯ ಡಬ್ಬಕ್ಕೆ ಹೋದವು ಕಾಲು ಮೇಲೆ ಮಾಡಿಕೊಂಡು ಸತ್ತು ಬಿದ್ದಿದ್ದವು. ಪಾಪಕ್ಕ ಎರಡೂ ಡಬ್ಬಗಳನ್ನು ಹೊಸ್ತಿಲ ಬೆಳಕಿಗೆ ತಂದಿಟ್ಟು ಮತ್ತೆ ಮತ್ತೆ ನೋಡಿದಳು.

"ಒಳ್ಳೇದೇ ಆತಲ್ಲವ್ವ, ಹಸನು ಮಾಡೋ ಕೆಲಸ ಉಳೀತು," ಅಂದಳು ಮಗಳು ದಿವ್ಯಾ. ಸೊಂಟದ ಮೇಲೆ ಎಂಟು ತಿಂಗಳ ಕೂಸಿತ್ತು. ಒಲೆಯ ಮೇಲೆ ಅದಕ್ಕೆಂದೇ ಇಟ್ಟ ನವಣೆ ಗಂಜಿ ಕುದಿಯುತ್ತಿತ್ತು.

ಪಾಪಕ್ಕ ಎದ್ದು ಹೋಗಿ ಗಂಜಿಯನ್ನು ತಿಪ್ಪೆಗೆ ಸುರಿದು ಬಂದಳು.

"ಏನವ್ವ ನೀನು! ಹುಚ್ಚು ಗಿಚ್ಚು ಹಿಡೀತಾ?"

"ಇದಕ್ಕೆ ಹಾಕಿರೋ ಪುಡಿ ಎಂಥದ್ದು ಅಂತ ನನಗ್ಗೊತ್ತು. ಎರಡು ವರ್ಷ ನಾನೇ ಕಲಸೀನಿ."

ನಿಜ. ಚಳ್ಳಕೆರೆಯ ಒಂದು ಗೋದಾಮಿನಲ್ಲಿ ಬಿತ್ತನೆ ಕಾಳನ್ನು ನೆಲಕ್ಕೆ ಸುರಿದು, ಬಿಳಿ ಪುಡಿ ಎರಚಿ, ಸಲಿಕೆಯಿಂದ ತಿರುವಿ ಮತ್ತೆ ಚೀಲಕ್ಕೆ ತುಂಬುವುದು ಅವಳ ಕೆಲಸವಾಗಿತ್ತು. ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು, ಕೈಗೆ ಏನೂ ಇರಲಿಲ್ಲ. ಆ ಕಾಳು ಹತ್ತಿದ ಹುಳ ಬುಗುರಿಯಂತೆ ಸುತ್ತಿ ಮಗುಚಿ ಬೀಳುತ್ತಿತ್ತು. ಅಂಗೈ ಚರ್ಮ ಸುಲಿದು ಬಂದಾಗ ಅವಳು ಕೆಲಸ ಬಿಟ್ಟಿದ್ದಳು. ಬಿತ್ತುವ ಕಾಳಿಗೆ ಹಾಕುವುದನ್ನು ತಿನ್ನುವ ಅಕ್ಕಿಗೂ ಹಾಕುತ್ತಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅದೂ ಸಾವಯವದ್ದಕ್ಕೆ! ಚಳ್ಳಕೆರೆಯಲ್ಲಿ ಹೊಸದಾಗಿ ತೆರೆದ ಸೋವಿಸಿರಿ ಮಾರ್ಟಿನ ಬಾಗಿಲಲ್ಲಿ ಆಳೆತ್ತರದ ಬೋರ್ಡಿತ್ತು: 'ಸಾವಯವ ಇನ್ನು ಎಲ್ಲರಿಗೂ, ಅರ್ಧ ಬೆಲೆಗೆ'. ತಿಂಗಳ ಹಿಂದೆ ಪಾಪಕ್ಕ ಎರಡು ಕೆ.ಜಿ. ಹೊತ್ತು ತಂದಿದ್ದಳು. ಪ್ಯಾಕೆಟ್ಟಿನ ಮೇಲಿನ 'ಯಾವುದೇ ರಾಸಾಯನಿಕ ಬಳಸಿಲ್ಲ' ಎಂಬ ಸಾಲನ್ನು ಮಗಳಿಂದ ಎರಡು ಸಲ ಓದಿಸಿದ್ದಳು. ಶೇಂಗಾ ಹೊಲದಲ್ಲಿ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆಯುವವರು ಔಷಧಿ ಹೊಡೆಯದ್ದನ್ನು ತಿನ್ನಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬೆಲೆಯ ಚೀಟಿಯಲ್ಲಿ ಮಾತ್ರ ಬರೆದಿರುತ್ತದೆ. ಒಂದೇ ಒಂದು ಸಲ ಆ ಚೀಟಿ ತನ್ನಂಥವಳಿಗೂ ದಾರಿ ಬಿಟ್ಟಿತೆಂದು ಅವಳು ಹಿಗ್ಗಿದ್ದಳು. ಆಮೇಲೆ ಕೂಸಿಗೆ ಮೂರು ಸಲ ಹೊಟ್ಟೆ ಕೆಟ್ಟಿತು. ಹಲ್ಲು ಬರ್ತಾವೆ ಅಂದುಕೊಂಡರು.

ಅಂದಿನ ಕೂಲಿ ಬಿಟ್ಟು ಪಾಪಕ್ಕ ತಳಕಿಗೆ ನಡೆದು, ಚಳ್ಳಕೆರೆ ಬಸ್ಸು ಹತ್ತಿದಳು. ಒಂದು ಕೈಯಲ್ಲಿ ನವಣೆ ಡಬ್ಬ. ಇನ್ನೊಂದರಲ್ಲಿ ರಾಗಿಯ ಜೀವಂತ ಹುಳಗಳಿದ್ದ ಪುಟ್ಟ ಸೀಸೆ.

ಮಾರ್ಟಿನ ಮ್ಯಾನೇಜರ್ ಕಿರಣ್‌ಕುಮಾರ್ ಡಬ್ಬದೊಳಗೆ ಇಣುಕಿ ನೋಡಿದ. "ಹುಳ ಬಂದಿದ್ರೆ ಏಳು ದಿನದೊಳಗೆ ಬಿಲ್ ಸಮೇತ ತರಬೇಕಿತ್ತು ಅಜ್ಜಿ."

"ನಲವತ್ತಾರು ವರ್ಷ ನನಗೆ. ಅಜ್ಜಿ ಅಂತ ಕರೆಯಾಕೆ ಮನೇಲಿ ಒಂದು ಕೂಸೈತೆ, ಅದಕ್ಕಿನ್ನೂ ಮಾತು ಬಂದಿಲ್ಲ. ಹುಳ ಬಂದವೆ ಅಂತ ಬಂದಿಲ್ಲಪ್ಪ ನಾನು. ಬಂದ ಹುಳ ಸತ್ತವೆ ಅಂತ ಬಂದೀನಿ."

ಸಾಲಿನಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಕಿರಣ್‌ಕುಮಾರ್ ಕೂಡ ನಕ್ಕ. "ನೋಡ್ರಪ್ಪ! ಅಂಗಡಿ ತೆರೆದ ಹೊಸದ್ರಲ್ಲಿ ಹುಳ ಐತೆ ಅಂತ ಇದೇ ಜನ ಪ್ಯಾಕೆಟ್ಟು ನನ್ನ ಮುಖಕ್ಕೆ ಎಸೆದ್ರು. ಈಗ ಹುಳ ಬದುಕಿಲ್ಲ ಅಂತ ಕಂಪ್ಲೇಂಟು. ನಾನೇನು ಹುಳಕ್ಕೆ ಬಾಣಂತನ ಮಾಡ್ಲಾ?"

"ಅದಕ್ಕೇ ಪುಡಿ ಹಾಕಿಸಿದ್ಯಾ?"

ಅವನ ನಗು ನಿಂತಿತು. "ಸುಮ್ನೆ ಏನೇನೋ ಮಾತಾಡಬೇಡಮ್ಮ. ಸಪ್ಲೈ ಮಾಡೋರು ಬೇರೆ, ನಾವು ಬೇರೆ. ಜರುಗು, ಹಿಂದಿನೋರು ಕಾಯ್ತಾವ್ರೆ."

ಪಾಪಕ್ಕ ಜರುಗಲಿಲ್ಲ. ರ‍್ಯಾಕಿನಿಂದ ಹೊಸ ಪ್ಯಾಕೆಟ್ಟೊಂದನ್ನು ತಂದು ಬಾಯಿಂದ ಹರಿದಳು. ಕೌಂಟರಿನ ಮೇಲಿದ್ದ ಚಿಲ್ಲರೆ ತಟ್ಟೆಯನ್ನು ಬರಿದು ಮಾಡಿ ಅದಕ್ಕೆ ನವಣೆ ಸುರಿದಳು. ಮೇಲೆ ಸೀಸೆಯ ಹುಳಗಳನ್ನು ಬಿಟ್ಟಳು.

"ಏಯ್! ಹೊರಗೆ ಕಳಿಸ್ರೋ ಇವಳನ್ನ!" ಅವನ ಬಾಯಲ್ಲಿ 'ಅಮ್ಮ' ಹೋಗಿ 'ಇವಳು' ಬಂದಿತ್ತು.

ಆಗ ಸಾಲಿನಲ್ಲಿದ್ದ ಶಶಿರೇಖಾ ನಡುವೆ ಬಂದಳು. ಹೊರಗೆ ಕಾರು ನಿಲ್ಲಿಸಿ ಬಂದಿದ್ದ ಆಕೆಯ ಟ್ರಾಲಿಯಲ್ಲಿ ಅದೇ ನವಣೆಯ ನಾಲ್ಕು ಪ್ಯಾಕೆಟ್ಟಿದ್ದವು. "ಇರಲಿ ಬಿಡಿ ಕಿರಣ್. ನಾನೂ ನೋಡ್ತೀನಿ."

"ಆಯ್ತು ಮೇಡಂ, ನೀವು ಹೇಳಿದ ಮೇಲೆ ಮುಗೀತು," ಅಂದ ಕಿರಣ್‌ಕುಮಾರ್. ಪಾಪಕ್ಕನ ಎರಡು ವರ್ಷದ ಕೆಲಸ, ಸುಲಿದ ಅಂಗೈ, ಡಬ್ಬದ ತುಂಬ ಸಾಕ್ಷಿ, ಇವು ಯಾವುದಕ್ಕೂ ಇಲ್ಲದ ತೂಕ ಆ ಒಂದು ಮಾತಿಗಿತ್ತು.

ಶಶಿರೇಖಾ ಸೋಪು, ಬಿಸ್ಕತ್ತು ಎಲ್ಲ ಕೊಂಡು ತಿರುಗಿ ಬರಲು ಮುಕ್ಕಾಲು ತಾಸು ಹಿಡಿಯಿತು. ಅಷ್ಟೂ ಹೊತ್ತು ಪಾಪಕ್ಕ ತಟ್ಟೆ ಬಿಟ್ಟು ಕದಲಲಿಲ್ಲ. ಮೊದಲು ಹುಳಗಳು ಅಂಚಿಗೆ ಓಡಿದವು. ಆಮೇಲೆ ಸುತ್ತತೊಡಗಿದವು. ಒಂದು ಮಗುಚಿತು, ಹಿಂದೆಯೇ ಮೂರು. ಕಾಲು ಆಡಿಸುವುದನ್ನೂ ನಿಲ್ಲಿಸಿದವು.

ಸಾಲಿನಲ್ಲಿದ್ದವರು ತಮ್ಮ ನವಣೆ ಪ್ಯಾಕೆಟ್ಟುಗಳನ್ನು ಒಬ್ಬೊಬ್ಬರಾಗಿ ರ‍್ಯಾಕಿಗೆ ಹಿಂದಿರುಗಿಸಿದರು. ಒಬ್ಬ ಮುದುಕ ಮಾತ್ರ, "ಅರ್ಧ ಬೆಲೆ ಅಲ್ವೇನವ್ವ, ನಾಲ್ಕು ನೀರು ತೊಳೆದ್ರೆ ಹೋಗ್ತೈತೆ," ಅಂದು ತನ್ನ ಪ್ಯಾಕೆಟ್ಟಿಗೆ ಬಿಲ್ಲು ಹಾಕಿಸಿದ. ಪಾಪಕ್ಕನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಬಡತನದ ಲೆಕ್ಕ ಹಾಕಿಯೇ ಆ ಬೋರ್ಡು ಬರೆಸಿದವರ ಮೇಲೆ ಮೈಯೆಲ್ಲ ಉರಿಯಿತು.

"ಛೀ, ನನ್ನ ಮಕ್ಕಳಿಗೆ ಇದನ್ನ ತಿನ್ನಿಸ್ತಿದ್ನಾ!" ಅಂದಳು ಶಶಿರೇಖಾ. ಕಿರಣ್‌ಕುಮಾರ್ ಆಕೆಗೆ ಕೈ ಮುಗಿದು, ನವಣೆಯನ್ನು ರ‍್ಯಾಕಿನಿಂದ ತೆಗೆಸಿ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿಸಿದ. ಪಾಪಕ್ಕನ ಕೈಗೆ ಒಂದು ಲೀಟರ್ ಎಣ್ಣೆ ಪ್ಯಾಕೆಟ್ಟು ತುರುಕಲು ಬಂದ.

"ನಿನ್ನ ಎಣ್ಣೆ ನೀನೇ ಹಚ್ಕೋ," ಅಂದಳು ಪಾಪಕ್ಕ.

"ಆಯ್ತಲ್ಲಮ್ಮ, ತೆಗೆಸಿದ್ರಲ್ಲ. ಇನ್ನೇನು?" ಅಂದು ಶಶಿರೇಖಾ ಕಾರು ಹತ್ತಿದಳು. ಆಕೆಯ ಪಾಲಿಗೆ ಅನ್ಯಾಯ ಅಲ್ಲಿಗೆ ಮುಗಿದಿತ್ತು.

ಪಾಪಕ್ಕ ಮಾರ್ಟಿನ ಹಿಂದಿನ ಓಣಿಯಿಂದ ಬಸ್ ಸ್ಟ್ಯಾಂಡಿಗೆ ಹೊರಟಿದ್ದಳು. ಅಲ್ಲಿ ಗೂಡ್ಸ್ ಗಾಡಿಯ ಡ್ರೈವರ್ ಮಾರುತಿ ಅವೇ ಪೆಟ್ಟಿಗೆಗಳನ್ನು ಹೇರುತ್ತಿದ್ದ.

"ಎಲ್ಲಿಗಪ್ಪ ಇವು? ಸುಡಾಕಾ?"

"ಸುಡಾಕ್ಯಾಕಮ್ಮ? ಮೊಳಕಾಲ್ಮೂರಿಗೆ. ಅಲ್ಲೂ ನಮ್ದೇ ಅಂಗಡಿ ಐತಲ್ಲ, ಇವತ್ತೇ ಜೋಡಿಸ್ಬೇಕಂತೆ." ಅವನಿಗೆ ಏನೂ ತಿಳಿದಿರಲಿಲ್ಲ. "ಅಲ್ಲಿ ಇನ್ನೂ ಹತ್ತು ರೂಪಾಯಿ ಕಡಿಮೆ. ಬೇಕಿದ್ರೆ ಅಲ್ಲೇ ತಗಾ."

ಚಳ್ಳಕೆರೆಯ ಮೇಡಂ ತಿನ್ನಬಾರದ್ದನ್ನು ಮೊಳಕಾಲ್ಮೂರಿನ ಕೂಸು ಹತ್ತು ರೂಪಾಯಿ ಕಡಿಮೆಗೆ ತಿನ್ನಬಹುದು! ಮಾರುತಿ ಹಗ್ಗ ಬಿಗಿಯುವಷ್ಟರಲ್ಲಿ ಪಾಪಕ್ಕ ಬಸ್ ಸ್ಟ್ಯಾಂಡಿನತ್ತ ಓಡುತ್ತಿದ್ದಳು.

ತಳಕು ಬಂತು. ಹೋಗುವಾಗ ಅವಳನ್ನು ಇಲ್ಲೇ ಹತ್ತಿಸಿಕೊಂಡಿದ್ದ ಕಂಡಕ್ಟರ್ ಕೂಗಿದ: "ಇಳಿಯಮ್ಮ, ನಿನ್ನ ಸ್ಟಾಪು!"

"ಇಳಿಯಲ್ಲ. ಮೊಳಕಾಲ್ಮೂರಿಗೆ ಚೀಟಿ ಕೊಡು ಅಂದಿದ್ನಲ್ಲ."

ಹಾನಗಲ್ ಬರುವ ಮೊದಲೇ ಬಸ್ಸು ಗೂಡ್ಸ್ ಗಾಡಿಯನ್ನು ಹಿಂದೆ ಹಾಕಿತು. ಮೊಳಕಾಲ್ಮೂರಿನಲ್ಲಿ ಇಳಿದವಳು ದಾರಿ ಕೇಳಿಕೊಂಡು ಸೋವಿಸಿರಿ ಮಾರ್ಟಿನ ಮೆಟ್ಟಿಲು ಹತ್ತಿ, ಬಾಗಿಲಿಗೆ ಅಡ್ಡವಾಗಿ ಕೂತಳು. ಕಾವಲಿನವನು ಗದರಿದ. ಪಾಪಕ್ಕ ನವಣೆ ಡಬ್ಬವನ್ನು ಮಡಿಲಿಗೆ ಎಳೆದುಕೊಂಡಳು. ಕೈಚೀಲ ಹಿಡಿದ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಕೊರಳಲ್ಲಿ ಅರಿಶಿನ ದಾರ, ಕಾಲಲ್ಲಿ ಹರಿದ ಚಪ್ಪಲಿ.

"ತಂಗಿ, ಒಂದು ಚಣ ನಿಲ್ಲವ್ವ," ಅಂದಳು ಪಾಪಕ್ಕ. "ಮನೇಲಿ ಕೂಸೈತಾ?"