ದನಿ ಹೋದ ಮೇಲಿನ ರೇಖಾಗಣಿತ

ಗಣಿತದ ಟೀಚರಿಗೆ ದನಿ ಹೋಗಿದ್ದು ಒಂದೇ ಸಲಕ್ಕಲ್ಲ. ಮೊದಮೊದಲು ಸಂಜೆ ಹೊತ್ತಿಗೆ ಗೊಗ್ಗರಾಗುತ್ತಿತ್ತು, ಆಮೇಲೆ ಮಧ್ಯಾಹ್ನಕ್ಕೇ. ಕೊನೆಗೊಂದು ಸೋಮವಾರ ಏಳನೇ ತರಗತಿಯ ಹಾಜರಿ ಕೂಗುತ್ತಿದ್ದಾಗ ಗಂಟಲಿನಿಂದ ಬರೀ ಗಾಳಿ ಹೊರಟಿತು. ಟೀಚರ್ ತಮಾಷೆ ಮಾಡುತ್ತಿದ್ದಾರೆಂದು ಮಕ್ಕಳು ನಕ್ಕರು. ಅವರು ತಮಾಷೆ ಮಾಡುವವರಲ್ಲ ಎಂದು ನೆನಪಾಗಿ ಸುಮ್ಮನಾದರು.

ಗಂಟಲಿನ ವೈದ್ಯರು ಪುಟ್ಟ ಕನ್ನಡಿ ಒಳಗಿಟ್ಟು ನೋಡಿದರು. "ಇಷ್ಟು ವರ್ಷ ಗೋಡೆ ಜೊತೆ ಜಗಳ ಆಡಿದ ಹಾಗಿದೆಯಲ್ಲ. ಈ ತಿಂಗಳು ಪೂರ್ತಿ ಮಾತು ಬೇಡ. ಪಿಸುಮಾತಂತೂ ಬೇಡವೇ ಬೇಡ."

ಟೀಚರಿಗೆ ದುಃಖವೇನೂ ಆಗಲಿಲ್ಲ. ದುಃಖಪಡುವುದಕ್ಕೂ ಒಂದಿಷ್ಟು ತ್ರಾಣ ಬೇಕು, ಅದು ಉಳಿದಿರಲಿಲ್ಲ. ಮನೆಯಲ್ಲಿ ಇದ್ದವರು ಅವರು ಮತ್ತು ಅಕ್ಕ, ಇಬ್ಬರೇ. ಅಕ್ಕ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. "ಸದ್ಯ, ಈಗಲಾದ್ರೂ ನಾನು ಹೇಳೋದನ್ನ ಪೂರ್ತಿ ಕೇಳಿಸ್ಕೋತೀಯ" ಎಂದಳು. ಹೇಳುವಾಗ ಮಷಿನಿನಿಂದ ಮುಖ ಮಾತ್ರ ಎತ್ತಲಿಲ್ಲ.

ರಜೆಯ ಮಾತು ಬಂದಾಗ ಮುಖ್ಯೋಪಾಧ್ಯಾಯಿನಿ ತಲೆ ಹಿಡಿದುಕೊಂಡರು. ಶಾಲೆಯಲ್ಲಿ ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. "ನಿಮ್ಮ ಬದಲಿಗೆ ಯಾರನ್ನ ತರಲಿ? ವಿಜ್ಞಾನದವರು ಬಾಣಂತನಕ್ಕೆ ಹೋಗಿದ್ದಾರೆ, ಅವರ ಕ್ಲಾಸೂ ನನ್ನ ತಲೆ ಮೇಲೇ ಇದೆ. ನೀವು ಮಾತಾಡಬೇಡಿ, ಸುಮ್ಮನೆ ಬಂದು ಕೂತ್ಕೊಳ್ಳಿ. ಮಕ್ಕಳು ಕಿಟಕಿ ಹಾರದೇ ಇದ್ರೆ ಸಾಕು."

ಮರುದಿನ ಟೀಚರ್ ಕರಿಹಲಗೆಯ ತುಂಬ ಲೆಕ್ಕ ಬರೆದು ಕೂತರು. ಸ್ವಲ್ಪ ಹೊತ್ತಿಗೆ ತರಗತಿ ಸಂತೆಯಾಯಿತು. ಡಸ್ಟರಿನಿಂದ ಮೇಜು ಕುಟ್ಟಿದರು, ಕುಟ್ಟಿದರು, ಕೈಯೂ ಸೋತಿತು.

ಆ ಸಂಜೆ ಅಕ್ಕ ಕೊರಳಪಟ್ಟಿಗೆಂದು ಕಾಗದವನ್ನು ನಡುವೆ ಮಡಚಿ ಅರ್ಧ ಮಾತ್ರ ಕತ್ತರಿಸಿ ಬಿಡಿಸುತ್ತಿದ್ದಳು. ಎರಡೂ ಬದಿ ಸಮವಾಗಿ ತೆರೆದುಕೊಂಡವು. ಟೀಚರ್ ಅದನ್ನೇ ನೋಡುತ್ತ ಕೂತಿದ್ದವರು ಎದ್ದು ಮೂಲೆಯಲ್ಲಿದ್ದ ರಟ್ಟಿನ ಡಬ್ಬಗಳನ್ನು ಎಳೆದುಕೊಂಡರು.

"ನನ್ನ ಬಟ್ಟೆ ಕತ್ತರಿ ಮಾತ್ರ ಮುಟ್ಟಬೇಡ, ಮೊಂಡಾಗತ್ತೆ" ಎಂದಳು ಅಕ್ಕ. ಆಮೇಲೆ ಗೊಣಗುತ್ತಲೇ ಹಳೆಯ ಕತ್ತರಿ ಹುಡುಕಿ ತಂದು ತಾನೂ ಕತ್ತರಿಸಲು ಕೂತಳು.

ಮರುದಿನ ಬೆಂಚುಗಳೆಲ್ಲ ಗೋಡೆಗೆ ಸರಿದವು. ಟೀಚರ್ ರಟ್ಟಿನ ತುಂಡುಗಳನ್ನು ಗುಂಪಿಗೊಂದು ಆಕಾರದಂತೆ ಹಂಚಿ, ಹಲಗೆಯ ಮೇಲೆ ಬರೆದರು: 'ನೆಲ ಮುಚ್ಚಿ. ಸಂದು ಬಿಡಬಾರದು. ಒಂದರ ಮೇಲೊಂದು ಬರಬಾರದು.' ತ್ರಿಭುಜ ಸಿಕ್ಕ ಗುಂಪು ಬೇಗ ಮುಗಿಸಿತು. ಚೌಕದವರು ಅದಕ್ಕಿಂತ ಬೇಗ. ಷಡ್ಭುಜದವರ ನೆಲ ಜೇನುಹುಟ್ಟಿನ ಹಾಗೆ ಹರಡತೊಡಗಿತು. ತಕರಾರು ಬಂದಿದ್ದು ಪಂಚಭುಜದ ಗುಂಪಿನಿಂದ, ಅದರಲ್ಲೂ ಗಿಣಿಯಿಂದ. ಬಾಯಿ ಮುಚ್ಚದ ಹುಡುಗಿಗೆ ಮಕ್ಕಳೇ ಇಟ್ಟ ಹೆಸರದು. ಟೀಚರ ದನಿಯಲ್ಲಿ ಕಾಲುಭಾಗವಾದರೂ ಇವಳನ್ನು ಸುಮ್ಮನಿರಿಸುವುದಕ್ಕೇ ಖರ್ಚಾಗಿತ್ತು.

"ಟೀಚರ್, ನೀವು ಸೊಟ್ಟ ಕತ್ತರಿಸಿದ್ದೀರಿ. ಮೂರು ಕೂರತ್ತೆ, ನಾಲ್ಕನೇದಕ್ಕೆ ಜಾಗ ಸಾಲಲ್ಲ."

ಬೇರೆ ದಿನವಾಗಿದ್ದರೆ ಟೀಚರ್ ಕಾರಣ ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಈಗ ಹೇಳುವಂತಿರಲಿಲ್ಲ. ಕೋನಮಾಪಕವನ್ನು ಗಿಣಿಯ ಕೈಗಿಟ್ಟರು.

ಅವಳು ಅಳೆದಳು, ಬೆರಳು ಮಡಚಿದಳು. "ಒಂದು ಮೂಲೆ ನೂರಾ ಎಂಟು. ಮೂರು ಸೇರಿದ್ರೆ ಮುನ್ನೂರ ಇಪ್ಪತ್ನಾಲ್ಕು. ಪೂರ್ತಿ ಒಂದು ಸುತ್ತಾಗೋಕೆ ಮುನ್ನೂರ ಅರವತ್ತು ಬೇಕು..." ಅಲ್ಲಿಗೆ ನಿಂತಳು. "ಹಾಗಾದ್ರೆ ಎಷ್ಟು ಚೆನ್ನಾಗಿ ಕತ್ತರಿಸಿದ್ರೂ ಇದು ಕೂರಲ್ವಾ? ಯಾವತ್ತೂ?"

ಟೀಚರ್ ಇಲ್ಲವೆಂದು ತಲೆಯಾಡಿಸಿದರು.

"ಪಾಪ" ಎಂದಳು ಗಿಣಿ, ಕೈಯಲ್ಲಿದ್ದ ರಟ್ಟನ್ನು ನೋಡುತ್ತ.

ಪ್ರತಿವರ್ಷ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದ ಸಂಗತಿ ಅದು. ಪಂಚಭುಜಕ್ಕಾಗಿ ಮರುಗಿದ ಮಗುವನ್ನು ಟೀಚರ್ ಇದುವರೆಗೆ ಕಂಡಿರಲಿಲ್ಲ.

ಗದ್ದಲ ಕೇಳಿ ದೊಡ್ಡ ಮೇಡಂ ಬಂದು ಬಾಗಿಲಲ್ಲಿ ನಿಂತರು. "ಪಕ್ಕದ ಕ್ಲಾಸಿನವರು ದೂರು ಹೇಳ್ತಿದ್ದಾರೆ. ಇದೇನು ಪಾಠವಾ?" ಟೀಚರ್ ಬಾಯಿ ತೆರೆದು ಮುಚ್ಚಿಕೊಂಡರು. ಅವರ ಬದಲಿಗೆ ಗಿಣಿ ಶುರುಮಾಡಿದಳು. ಮೂಲೆ, ಸುತ್ತು, ಉಳಿದ ಸಂದು, ಎಲ್ಲ ಹೇಳಿದಳು, ಕೆಲವನ್ನು ಎರಡೆರಡು ಸಲ. ಮೇಡಂ ಪೂರ್ತಿ ಕೇಳಿ, "ಬಾಗಿಲಾದ್ರೂ ಹಾಕ್ಕೊಳ್ಳಿ" ಎಂದು ಹೊರಟುಹೋದರು.

ತಿಂಗಳು ಮುಗಿದ ಮೇಲೆ ವೈದ್ಯರು ಮತ್ತೆ ನೋಡಿದರು. ದನಿ ಅರ್ಧ ಬರುತ್ತದೆ, ಇಡೀ ದಿನ ಪಾಠ ಮಾಡುವ ಮಾತು ಬಿಟ್ಟುಬಿಡಿ ಎಂದರು. ದೊಡ್ಡ ಮೇಡಂ ಮೆದುವಾಗಿಯೇ ಗ್ರಂಥಾಲಯದ ಕೆಲಸ ಸೂಚಿಸಿದರು.

"ಒಪ್ಕೊಂಡುಬಿಡು. ಸಾಕಾಗಿಲ್ವಾ ನಿನಗೆ?" ಎಂದಳು ಅಕ್ಕ.

"ಸಾಕಾಗಿದೆ." ದನಿ ತಮ್ಮದಲ್ಲವೆನ್ನುವ ಹಾಗಿತ್ತು. ಟೀಚರ್ ನೀರು ಕುಡಿದರು. "ಏಳನೇ ಕ್ಲಾಸ್ ಒಂದು ಇಟ್ಕೋತೀನಿ."

"ಈ ದನಿ ಇಟ್ಕೊಂಡಾ?"

"ಅದಿಲ್ಲದೆ."

ಅಕ್ಕ ಮತ್ತೆ ಮಷಿನ್ ತುಳಿಯತೊಡಗಿದಳು. ಮೇಡಂ ಒಪ್ಪಿದರು. ಬೆಳಗ್ಗೆ ಗ್ರಂಥಾಲಯ, ಮಧ್ಯಾಹ್ನ ಏಳನೇ ತರಗತಿ ಎಂದಾಯಿತು. ಆಯಾಸವೇನೂ ಕಡಿಮೆಯಾಗಲಿಲ್ಲ. ಗಂಟಲಿನಿಂದ ಇಳಿದು ಮಂಡಿಗೂ ಸೊಂಟಕ್ಕೂ ಸೇರಿಕೊಂಡಿತು, ಅಷ್ಟೇ.

ಒಂದು ದಿನ ಟೀಚರ್ ಹಲಗೆಯ ಮೇಲೆ ಬರೆದರು: 'ನಿಮ್ಮ ಮನಸ್ಸಿಗೆ ಬಂದ ಹಾಗೆ ಒಂದು ಚತುರ್ಭುಜ ಬರೆದು, ಅದರ ಅಚ್ಚಿನಂಥವೇ ಹಲವು ತುಂಡು ಕತ್ತರಿಸಿಕೊಳ್ಳಿ.' ಗಿಣಿ ಬೇಕೆಂದೇ ಅಡ್ಡಾದಿಡ್ಡಿಯಾದ ಒಂದನ್ನು ಬರೆದಳು. ಅದರ ಯಾವ ಬದಿಯೂ ಇನ್ನೊಂದರ ಅಳತೆಯದಲ್ಲ. "ಇದು ಖಂಡಿತ ಕೂರಲ್ಲ, ನೋಡ್ತಾ ಇರಿ ಟೀಚರ್."

ಟೀಚರ್ ಕಷ್ಟಪಟ್ಟು ನೆಲಕ್ಕೆ ಕೂತರು. ಒಂದು ತುಂಡನ್ನು ಅರ್ಧ ಸುತ್ತು ತಿರುಗಿಸಿ, ಇನ್ನೊಂದು ತುಂಡಿನ ಅದೇ ಅಳತೆಯ ಅಂಚಿಗೆ ಸೇರಿಸಿದರು. ಮತ್ತೊಂದು ತಿರುಗಿಸಿ, ಮತ್ತೊಂದು ಸೇರಿಸಿದರು. ನಾಲ್ಕು ಬೇರೆ ಬೇರೆ ಮೂಲೆಗಳು ಒಂದೇ ಚುಕ್ಕೆಯ ಸುತ್ತ ಸಂದಿಲ್ಲದೆ ಕೂತವು.

ಗಿಣಿ ಮುಂದಕ್ಕೆ ಸರಿದಳು. ಮಂಡಿಯೂರಿ, ಐದನೆಯದನ್ನು ತಾನೇ ಇಟ್ಟಳು. ಟೀಚರ್ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದರು. ಅವಳು ಕಣ್ಣೆತ್ತದೆ ಕೈ ನೀಡಿದಾಗಲೆಲ್ಲ ಮುಂದಿನ ತುಂಡು ಎತ್ತಿ ಕೊಟ್ಟರು.